ನಡುನೀರಿಗೆ ಕಾಲಿಡದ ಸೇತುವೆ

ಹೋದ ತಿಂಗಳ ಅಂಕಣದಲ್ಲಿ ಕೋಲ್ಕತ್ತಾದ ವಿದ್ಯಾಸಾಗರ ಸೇತುವೆಯನ್ನು ನೋಡಿಬಂದ ವಿಷಯ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಮಂಡ್ಯ, ಮೈಸೂರು ಕಡೆಯಿಂದ ಪತ್ರಗಳು ಬಂದವು. ಮಂಡ್ಯದ ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತೊಂಬತ್ತು ವರ್ಷ ಸಿವಿಲ್ ಪಾಠ ಹೇಳಿದವಳು ನಾನು. ಸೇತುವೆ ಬಗ್ಗೆ ಯಾರಾದರೂ ಕೇಳಿದರೆ ನನಗೆ ಹಬ್ಬ. ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ವಿದ್ಯಾಸಾಗರ ಸೇತುವೆಯನ್ನು ಟಿ.ವಿ.ಯಲ್ಲಿ ನೋಡಿದೆ. ಗೋಪುರದಿಂದ ಬೀಸಣಿಗೆ ಹಾಗೆ ಹಗ್ಗಗಳು ಇಳಿದಿವೆ. ಅದು ತೂಗುಸೇತುವೆಯೇ? ಅಷ್ಟು ಭಾರವನ್ನು ಹಗ್ಗ ಹೇಗೆ ಹೊರುತ್ತದೆ?
– ಡಿಪ್ಲೊಮಾ ವಿದ್ಯಾರ್ಥಿನಿ, ಕೆ.ಆರ್. ಪೇಟೆ

ಉತ್ತರ: ತೂಗುಸೇತುವೆ ಅಲ್ಲ ಮಗು. ಅಣ್ಣತಮ್ಮ ಅನ್ನಬಹುದು, ಅಷ್ಟೇ.

ಮನೆ ಹಿಂದೆ ಬಟ್ಟೆ ಒಣಗಿಸುವ ತಂತಿ ನೋಡು. ಎರಡು ಗೂಟದ ನಡುವೆ ಕಟ್ಟಿರುತ್ತೇವೆ. ಒದ್ದೆ ಪಂಚೆ ಹಾಕಿದ ತಕ್ಷಣ ತಂತಿ ಜೋಲುತ್ತದೆ, ಗೂಟ ಒಳಕ್ಕೆ ವಾಲಲು ನೋಡುತ್ತದೆ. ಅದಕ್ಕೆ ಗೂಟದ ಹಿಂದೆ ಇನ್ನೊಂದು ತಂತಿ ಎಳೆದು ನೆಲದಲ್ಲಿ ಭದ್ರವಾಗಿ ಹೂಳುತ್ತೇವೆ. ತೂಗುಸೇತುವೆ ಹೀಗೇ. ಜೋಲುವ ದೊಡ್ಡ ಹಗ್ಗ, ಅದಕ್ಕೆ ನೇತುಬಿದ್ದ ಹಾದಿ, ಎರಡೂ ದಡದಲ್ಲಿ ಲಂಗರು. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಆರಂಬೂರಿನಲ್ಲಿ ಪಯಸ್ವಿನಿ ನದಿಗೆ ಹಾಕಿದ ಕಾಲುಸೇತುವೆ ಈ ಜಾತಿಯದು. ಆಮೇಲೆ ಅವರು ಅಂಥ ನೂರಕ್ಕೂ ಜಾಸ್ತಿ ಸೇತುವೆ ಕಟ್ಟಿದರು. ಮಳೆಗಾಲದಲ್ಲಿ ಶಾಲೆಗೆ ಹೋಗಲಾಗದ ಎಷ್ಟೋ ಮಕ್ಕಳಿಗೆ ದಾರಿಯಾಯಿತು.

ಈಗ ಸಂತೆಯ ಹಳೆಯ ತಕ್ಕಡಿ ನೆನೆಸಿಕೋ. ತಟ್ಟೆಯ ಅಂಚಿನಿಂದ ಮೂರು ದಾರ ಓರೆಯಾಗಿ ಮೇಲೆ ಹೋಗಿ ಒಂದು ಕಡೆ ಸೇರುತ್ತವೆ. ತಟ್ಟೆಗೆ ಹುಣಸೆಹಣ್ಣು ಹಾಕಿದರೆ ದಾರ ಜೋಲುವುದಿಲ್ಲ. ಇನ್ನೂ ಬಿಗಿಯಾಗುತ್ತದೆ. ವಿದ್ಯಾಸಾಗರ ಸೇತುವೆಯ ಹಗ್ಗಗಳು ಈ ದಾರಗಳ ಹಾಗೆ. ಒಂದೊಂದೂ ನೆಟ್ಟಗೆ, ಗೋಪುರದ ತಲೆಯಿಂದ ರಸ್ತೆಯ ಅಂಚಿಗೆ. ಎಂಜಿನಿಯರುಗಳು ಇದನ್ನು ಕೇಬಲ್ ಸ್ಟೇಡ್ ಅನ್ನುತ್ತಾರೆ. ನಾನು ತರಗತಿಯಲ್ಲಿ 'ಬಿಗಿಹಗ್ಗದ ಸೇತುವೆ' ಅನ್ನುತ್ತಿದ್ದೆ. ನಿನಗೆ ಹಿಡಿಸಿದರೆ ನೀನೂ ಅನ್ನು.

ಹಗ್ಗ ಓರೆಯಾಗಿ ಎಳೆಯುತ್ತದಲ್ಲ, ಅದರಿಂದ ಎರಡು ಕೆಲಸ ಆಗುತ್ತದೆ. ಒಂದು, ರಸ್ತೆಯನ್ನು ಮೇಲಕ್ಕೆ ಎತ್ತಿ ಹಿಡಿಯುವುದು. ಇನ್ನೊಂದು, ರಸ್ತೆಯನ್ನು ಗೋಪುರದ ಕಡೆಗೆ ಒತ್ತುವುದು. ಆ ಕಡೆಯ ಒತ್ತು, ಈ ಕಡೆಯ ಒತ್ತು ಗೋಪುರದ ಬಳಿ ಎದುರುಬದುರಾಗಿ ಸರಿಹೋಗುತ್ತವೆ. ಹಾಗಾಗಿ ದಡದಲ್ಲಿ ಬಂಡೆಯಂಥ ಲಂಗರು ಬೇಡ. ಕೋಲ್ಕತ್ತಾದ ನೆಲ ಮೆತ್ತನೆಯ ಮೆಕ್ಕಲುಮಣ್ಣು. ಅಲ್ಲಿ ಲಂಗರು ಹೂಳುವುದು ಬಹಳ ಕಷ್ಟ. ಈ ಜಾತಿಯ ಸೇತುವೆ ಅಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ.

ಇನ್ನೊಂದು ಸೊಗಸು ಕೇಳು. ಎರಡು ಗೋಪುರದ ನಡುವಿನ ಅಂತರ 457 ಮೀಟರ್. ಅಂದರೆ ಪ್ರತಿ ಗೋಪುರವೂ ನದಿಯ ಕಡೆ ಸುಮಾರು 228 ಮೀಟರ್ ರಸ್ತೆ ಹಿಡಿದಿದೆ. ದಡದ ಕಡೆ ಇರುವುದು 183 ಮೀಟರ್ ಮಾತ್ರ. ತಕ್ಕಡಿಯ ಒಂದು ತಟ್ಟೆ ಭಾರ, ಇನ್ನೊಂದು ಹಗುರ. ಹಗುರವಾದದ್ದು ಮೇಲಕ್ಕೆ ಏಳುತ್ತದೆ ಅಲ್ವಾ? ಹೌದು, ಆ ಸೇತುವೆಯ ದಡದ ತುದಿಗಳು ನಿಜಕ್ಕೂ ಮೇಲಕ್ಕೆ ಏಳಲು ನೋಡುತ್ತವೆ. ಅವನ್ನು ಕೆಳಕ್ಕೆ ಎಳೆದು ಹಿಡಿಯಲು ಬೇರೆಯೇ ಕೇಬಲ್‌ಗಳಿವೆ. ಎತ್ತಲು ಕೆಲವು, ಅದುಮಿಡಲು ಕೆಲವು. ಈ ಲೆಕ್ಕ ಹೇಳಿದಾಗಲೆಲ್ಲ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತುತ್ತಿದ್ದರು.

ಹಗ್ಗದ ಶಕ್ತಿಯ ಮಾತು. ಈಗಿನ ಇಂಥ ಸೇತುವೆಗಳಲ್ಲಿ ಹಾಕುವ ಉಕ್ಕಿನ ಎಳೆ ಸುಮಾರು 15 ಮಿಲಿಮೀಟರ್ ದಪ್ಪ. ಏಳು ತಂತಿ ಹೊಸೆದದ್ದು, ನಿನ್ನ ಕಿರುಬೆರಳಿನಷ್ಟಿರುತ್ತದೆ. ಅದು ತುಂಡಾಗಬೇಕಾದರೆ 25 ಟನ್‌ಗೂ ಜಾಸ್ತಿ ಎಳೆತ ಬೇಕು. ನಮ್ಮ ಕಡೆಯ ಆರು ಚಕ್ರದ ಕಬ್ಬಿನ ಲಾರಿಯನ್ನು, ಅದು ಹದವಾಗಿ ತುಂಬಿದ್ದರೆ, ಒಂದೇ ಎಳೆಗೆ ನೇತುಹಾಕಬಹುದು. ಒಂದು ಕೇಬಲ್‌ನಲ್ಲಿ ಅಂಥ ಹತ್ತಾರು ಎಳೆಗಳಿರುತ್ತವೆ. ಅವುಗಳ ತಾಕತ್ತಿನಲ್ಲಿ ಅರ್ಧದಷ್ಟನ್ನೂ ದಿನನಿತ್ಯದ ಕೆಲಸಕ್ಕೆ ಬಳಸುವುದಿಲ್ಲ.

ಪ್ರಶ್ನೆ: ಕೋಲ್ಕತ್ತಾಗೆ, ಮುಂಬೈಗೆ, ಬೆಂಗಳೂರಿನ ಕೆ.ಆರ್. ಪುರಕ್ಕೂ ಕೇಬಲ್ ಸೇತುವೆ ಇದೆ. ನಮ್ಮ ಕಾವೇರಿಗೆ ಯಾಕಿಲ್ಲ? ಶ್ರೀರಂಗಪಟ್ಟಣಕ್ಕೆ ಎಷ್ಟು ಜನ ಪ್ರವಾಸಿಗರು ಬರುತ್ತಾರೆ. ಅಂಥದ್ದೊಂದು ಕಟ್ಟಿದರೆ ಊರಿಗೆ ಶೋಭೆ ಅಲ್ಲವೇ?
– ಅಂಗಡಿ ಮಾಲೀಕರು, ಶ್ರೀರಂಗಪಟ್ಟಣ

ಉತ್ತರ: ನಿಮ್ಮ ಊರಿನ ಮೇಲಿನ ಪ್ರೀತಿ ಅರ್ಥವಾಗುತ್ತದೆ. ಆದರೆ ನಾನು ಬೇಡ ಅನ್ನುತ್ತೇನೆ.

ಸೇತುವೆಯ ಜಾತಿಯನ್ನು ತೀರ್ಮಾನ ಮಾಡುವುದು ನದಿ. ಹೋದ ಜನವರಿಯಲ್ಲಿ ತಂಗಿಯ ಜೊತೆ ಕೋಲ್ಕತ್ತಾಕ್ಕೆ ಹೋಗಿದ್ದೆ. ಪ್ರಿನ್ಸೆಪ್ ಘಾಟ್‌ನ ಮೆಟ್ಟಿಲ ಮೇಲೆ ಒಂದು ಸಂಜೆ ಪೂರ್ತಿ ಕೂತೆವು. ಬಿಳಿಯ ಕಂಬಗಳ ಹಳೆಯ ಮಂಟಪ, ಅದರ ಹಿಂದೆಯೇ ಆಕಾಶಕ್ಕೆ ಚಾಚಿದ ಉಕ್ಕಿನ ಗೋಪುರ. ಗೋಪುರದ ಎತ್ತರ ಸುಮಾರು 127 ಮೀಟರ್. ನಮ್ಮ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನ ಶಿಖರ 175 ಅಡಿ. ಅಂಥ ಎರಡನ್ನು ಒಂದರ ಮೇಲೊಂದು ಇಟ್ಟರೂ ಇದರ ತುದಿ ಮುಟ್ಟುವುದಿಲ್ಲ. ಕೆಳಗೆ ಹೂಗ್ಲಿ ನದಿ. ನೀರಿನ ಬಣ್ಣ ನಮ್ಮ ಹೊಸ ಮಳೆಯ ಕೆಂಪುನೀರಿನ ಹಾಗೆ. ಸಮುದ್ರದ ಉಬ್ಬರ ಇಳಿತ ಅಲ್ಲಿಯವರೆಗೂ ಬರುತ್ತದೆ. ನಾವು ಕೂತಾಗ ದೋಣಿಗಳು ಒಂದು ದಿಕ್ಕಿಗೆ ತೇಲುತ್ತಿದ್ದವು. ಏಳುವ ಹೊತ್ತಿಗೆ ನೀರೇ ತಿರುಗಿತ್ತು! ನನ್ನ ತಂಗಿಗೆ ನಂಬಲಾಗಲಿಲ್ಲ. ಕಾವೇರಿ ಎಂದಾದರೂ ಕೆ.ಆರ್.ಎಸ್. ಕಡೆಗೆ ಹಿಂದಕ್ಕೆ ಹರಿದದ್ದನ್ನು ನೋಡಿದ್ದೇವೆಯೇ?

ಅದು ಬಂದರು ಇರುವ ನದಿ. ನಡುನೀರಿನಲ್ಲಿ ಕಂಬ ನಿಲ್ಲಿಸಿದರೆ ನಾವೆಗಳಿಗೆ ಅಡ್ಡಿ, ಹೂಳು ತುಂಬುವ ಭಯ. ಕೆಳಗೆ ಅಗೆದರೆ ಬಂಡೆ ಕೈಗೆ ಸಿಗುವುದಿಲ್ಲ. ಹಾಗಿದ್ದಾಗ ಒಂದೇ ಹೆಜ್ಜೆಗೆ ದಾಟಬೇಕು. 1943ರಲ್ಲಿ ತೆರೆದ ಹೌರಾ ಸೇತುವೆಯೂ ಒಂದೇ ಹೆಜ್ಜೆಯಲ್ಲಿ ದಾಟುತ್ತದೆ. ಅದರ ನಡುವಿನ ಅಂತರವೂ 1500 ಅಡಿ, ಅಂದರೆ ಅದೇ 457 ಮೀಟರ್. ಐವತ್ತು ವರ್ಷ ಬಿಟ್ಟು ಬಂದ ಎರಡು ಸೇತುವೆ, ಬೇರೆ ಬೇರೆ ವಿದ್ಯೆ, ಹೆಜ್ಜೆಯ ಅಳತೆ ಒಂದೇ. ಮೊದಲನೆಯದಕ್ಕೆ 26,500 ಟನ್ ಉಕ್ಕು ಬೇಕಾಯಿತು.

ಈಗ ನಿಮ್ಮ ಅಂಗಡಿಯಿಂದ ಹೊರಟು ವೆಲ್ಲೆಸ್ಲಿ ಸೇತುವೆಯ ಹತ್ತಿರ ಹೋಗಿ ನಿಲ್ಲಿ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಿದ್ದು. ಬೇಸಿಗೆಯಲ್ಲಿ ನೀರು ಇಳಿದಾಗ ನದಿಯ ಹಾಸು ಪೂರ್ತಿ ಬಂಡೆ. ಆ ಬಂಡೆಯ ಮೇಲೆ ಕಲ್ಲುಕಂಬಗಳ ಸಾಲು, ಕಂಬದ ಮೇಲೆ ಕಲ್ಲಿನ ಚಾಚು, ಅದರ ಮೇಲೆ ಕಲ್ಲಿನ ತೊಲೆ. ಗಿಡ್ಡ ಗಿಡ್ಡ ಹೆಜ್ಜೆ, ಬಹಳ ಹೆಜ್ಜೆ. ಕಾಲಿಡಲು ಬಂಡೆ ಇರುವಾಗ ನೂರಾರು ಮೀಟರ್ ಹಾರುವ ಅಗತ್ಯವೇನಿದೆ? ಅಲ್ಲಿ ಹಡಗು ಬರುವುದಿಲ್ಲ, ಬರುವುದು ತೆಪ್ಪ, ಹರಿಗೋಲು. ಎರಡು ಶತಮಾನದ ಪ್ರವಾಹಗಳನ್ನು ಆ ಕಲ್ಲುಗಳು ಎದುರಿಸಿವೆ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಕೂಡ ನಿಮ್ಮಲ್ಲಿ ಸಾಲುಕಂಬಗಳ ಮೇಲೆಯೇ ಕಾವೇರಿ ದಾಟುತ್ತದೆ. ಅದು ಬಡತನ ಅಲ್ಲ, ಸರಿಯಾದ ಲೆಕ್ಕ.

ಕೆ.ಆರ್. ಪುರದ ಮಾತು ಹೇಳಿದಿರಿ. ಅಲ್ಲಿ ನದಿಯೇ ಇಲ್ಲ, ರೈಲು ಹಳಿಗಳಿವೆ. ಹಳಿಗಳ ನಡುವೆ ಕಂಬ ನಿಲ್ಲಿಸುವುದು ಕಷ್ಟ, ರೈಲು ನಿಲ್ಲಿಸುವುದಂತೂ ಆಗದ ಮಾತು. ಅದಕ್ಕೆ 2003ರ ಹೊತ್ತಿಗೆ ಬಿಗಿಹಗ್ಗದ ಸೇತುವೆ ಬಂತು. ಜನ ಅದನ್ನು ಹ್ಯಾಂಗಿಂಗ್ ಬ್ರಿಡ್ಜ್ ಅನ್ನುತ್ತಾರೆ, ಬಸ್ ಸ್ಟಾಪಿಗೂ ಅದೇ ಹೆಸರು.

ಶೋಭೆಗಾಗಿ ದುಡ್ಡು ಇದ್ದರೆ ವೆಲ್ಲೆಸ್ಲಿ ಸೇತುವೆಯ ಸಂದಿಗಳಲ್ಲಿ ಬೆಳೆಯುವ ಗಿಡಗಳನ್ನು ವರ್ಷಕ್ಕೊಮ್ಮೆ ಸರಿಯಾಗಿ ತೆಗೆಸಲಿ. ಪಕ್ಕದಲ್ಲಿ ಅದರ ಕಥೆ ಬರೆದ ಒಂದು ಕಲ್ಲು ನೆಡಲಿ. ಬಂದವರು ಅರ್ಧ ಗಂಟೆ ನಿಂತು ನೋಡುತ್ತಾರೆ, ನಿಮ್ಮ ಅಂಗಡಿಗೂ ಬರುತ್ತಾರೆ.

ಪ್ರಶ್ನೆ: ವಿದ್ಯಾಸಾಗರ ಸೇತುವೆ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತಂತೆ, ನಿಜವೇ?
– ನಿವೃತ್ತ ಶಿಕ್ಷಕರು, ಮಳವಳ್ಳಿ

ಉತ್ತರ: ಇಂದಿರಾ ಗಾಂಧಿಯವರು ಅಡಿಗಲ್ಲು ಹಾಕಿದ್ದು 1972ರ ಮೇ 20. ಕೆಲಸ ಶುರುವಾದದ್ದು 1979ರ ಜುಲೈನಲ್ಲಿ. ಜನರಿಗೆ ತೆರೆದದ್ದು 1992ರ ಅಕ್ಟೋಬರ್ 10. ಅಡಿಗಲ್ಲಿನಿಂದ ಎಣಿಸಿದರೆ ಇಪ್ಪತ್ತು, ಕೆಲಸದಿಂದ ಎಣಿಸಿದರೆ ಹದಿಮೂರು. ಕನ್ನಂಬಾಡಿಗೂ 1911ರಿಂದ ಸುಮಾರು ಇಪ್ಪತ್ತು ವರ್ಷ ಹಿಡಿದಿತ್ತು, ನೆನಪಿರಲಿ.

ಪ್ರಶ್ನೆ: ಹೌರಾ ಸೇತುವೆಗೆ ಒಂದೂ ನಟ್ಟು ಬೋಲ್ಟು ಇಲ್ಲ ಅಂತ ವಾಟ್ಸಾಪ್‌ನಲ್ಲಿ ಬಂತು. ಸುಮ್ನೆ ಹೇಳುತ್ತಾರಾ?
– ಗ್ಯಾರೇಜ್ ಮೆಕ್ಯಾನಿಕ್, ಮೈಸೂರು

ಉತ್ತರ: ಈ ಸಲ ವಾಟ್ಸಾಪ್ ಸರಿಯಾಗಿಯೇ ಹೇಳಿದೆ. ಅದು ಪೂರ್ತಿ ರಿವೆಟ್ ಹೊಡೆದು ಜೋಡಿಸಿದ್ದು. ಕೆಂಪಗೆ ಕಾದ ರಿವೆಟ್ಟನ್ನು ತೂತಿಗೆ ಹಾಕಿ ಇನ್ನೊಂದು ತುದಿಯನ್ನು ಬಡಿಯುತ್ತಾರೆ. ಆರಿದಾಗ ಅದು ಕುಗ್ಗಿ ಎರಡು ತಗಡನ್ನೂ ಬಿಗಿಯಾಗಿ ಹಿಡಿಯುತ್ತದೆ. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಲಾರಿ ಚಾಸಿಗೆ ಹೊಡೆದಿರುವ ರಿವೆಟ್‌ಗಳನ್ನು ದಿನವೂ ನೋಡುತ್ತೀರಿ.

ನಿಮಗೆ ಖುಷಿಯಾಗುವ ಇನ್ನೊಂದು ಸಂಗತಿ ಇದೆ. ವಿದ್ಯಾಸಾಗರ ಸೇತುವೆಯ ವಿನ್ಯಾಸ ಜರ್ಮನಿಯ ಯೋರ್ಗ್ ಶ್ಲೈಶ್ ಮತ್ತು ಅವರ ಜೊತೆಗಾರರದ್ದು. ಆ ಹೊತ್ತಿಗೆ ಪ್ರಪಂಚದ ಬೇರೆ ಕಡೆ ಉಕ್ಕಿಗೆಲ್ಲ ವೆಲ್ಡಿಂಗ್ ಮಾಡುತ್ತಿದ್ದರು. ಇಲ್ಲಿ ಮಾತ್ರ ರಿವೆಟ್ ಇಟ್ಟುಕೊಂಡರು. ನಮ್ಮ ಕೆಲಸಗಾರರಿಗೆ ಅದು ಕೈಗೆ ಕೂತ ವಿದ್ಯೆ. ಮಾಡುವವರ ಕೈಗೆ ತಕ್ಕ ಹಾಗೆ ನಕ್ಷೆ ಮಾಡಿದ ಆ ಎಂಜಿನಿಯರ್ ಬಗ್ಗೆ ನನಗೆ ಬಹಳ ಗೌರವ.

ಪ್ರಶ್ನೆ: ನಮ್ಮ ಮನೆಯವರು, ನಾನು ಮಾರ್ಚ್‌ನಲ್ಲಿ ಕೋಲ್ಕತ್ತಾಕ್ಕೆ ಹೋಗುತ್ತಿದ್ದೇವೆ. ಮೊರ್ಬಿಯ ಸುದ್ದಿ ನೋಡಿದಾಗಿನಿಂದ ಹಗ್ಗದ ಸೇತುವೆ ಅಂದರೆ ಎದೆ ಝಲ್ ಅನ್ನುತ್ತದೆ. ಅಷ್ಟೊಂದು ಬಸ್ಸು, ಲಾರಿ ಓಡುವ ಸೇತುವೆಯ ಹಗ್ಗ ಒಂದು ಕಿತ್ತರೆ?
– ಗೃಹಿಣಿ, ಸರಸ್ವತಿಪುರಂ, ಮೈಸೂರು

ಉತ್ತರ: ನೋಡಮ್ಮ, ನಿಮ್ಮ ಭಯವನ್ನು ನಾನು ಹಗುರ ಮಾಡುವುದಿಲ್ಲ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೊರ್ಬಿಯಲ್ಲಿ ತೂಗುಸೇತುವೆ ಕಿತ್ತು ಬಿದ್ದು 135 ಜನ ಹೋದರು. ಅದರಲ್ಲಿ ಎಷ್ಟೋ ಮಕ್ಕಳು. ಆ ರಾತ್ರಿ ನಾನೂ ಮಲಗಲಿಲ್ಲ. ರಿಪೇರಿ ಆಯಿತು ಅಂತ ಹೇಳಿ ನಾಲ್ಕೈದು ದಿನದ ಹಿಂದೆಯಷ್ಟೇ ಅದನ್ನು ತೆರೆದಿದ್ದರು.

ಆದರೆ ಅದು ಹತ್ತೊಂಬತ್ತನೇ ಶತಮಾನದ ಕಾಲುಸೇತುವೆ. ಬಟ್ಟೆ ಒಣಗಿಸುವ ತಂತಿಯ ಜಾತಿ, ಮುಖ್ಯ ಹಗ್ಗ ಹೋದರೆ ಎಲ್ಲ ಹೋಯಿತು. ಈಗಿನ ಬಿಗಿಹಗ್ಗದ ಸೇತುವೆಯಲ್ಲಿ ಹಗ್ಗಗಳು ಬಹಳ. ಒಂದು ಕೇಬಲ್ ತೆಗೆದರೂ ಅಕ್ಕಪಕ್ಕದವು ಅದರ ಭಾರ ಹೊರುವ ಹಾಗೆ ಲೆಕ್ಕ ಹಾಕಿರುತ್ತಾರೆ. ಒಂದೊಂದನ್ನೇ ಬಿಚ್ಚಿ ಹೊಸದು ಹಾಕಬಹುದು. ವಿದ್ಯಾಸಾಗರ ಸೇತುವೆಯಲ್ಲೂ ಈಚೆಗೆ ಹಳೆಯ ಕೇಬಲ್‌ಗಳನ್ನು, ಬೇರಿಂಗ್‌ಗಳನ್ನು ಬದಲಿಸುವ ಕೆಲಸ ಹಿಡಿದಿದ್ದಾರೆ. ಅದಕ್ಕೆ ಕೆಲವು ಭಾನುವಾರ ವಾಹನ ನಿಲ್ಲಿಸಿದ್ದೂ ಉಂಟು. ಊರಿನವರು ಬೈಯುತ್ತಾರೆ. ನನಗೆ ಮಾತ್ರ ಆ ಸುದ್ದಿ ಓದಿ ಸಮಾಧಾನ ಆಯಿತು. ರಿಪೇರಿಗೆ ಮುಚ್ಚುವ ಸೇತುವೆಯನ್ನು ನಾನು ನಂಬುತ್ತೇನೆ. ಮೂವತ್ತು ವರ್ಷ ಒಂದು ದಿನವೂ ಮುಚ್ಚದ ಸೇತುವೆ ನನ್ನ ನಿದ್ದೆ ಕೆಡಿಸುತ್ತದೆ.

ಕೇಬಲ್‌ನ ಶತ್ರು ಲಾರಿಯ ಭಾರವಲ್ಲ, ತುಕ್ಕು. ಇಟಲಿಯ ಜಿನೋವಾದಲ್ಲಿ 2018ರ ಆಗಸ್ಟ್ 14ರಂದು ಒಂದು ಸೇತುವೆ ಬಿದ್ದು 43 ಜನ ಸತ್ತರು. ಅಲ್ಲಿ ಉಕ್ಕಿನ ಹಗ್ಗಗಳಿಗೆ ಕಾಂಕ್ರೀಟ್ ಹೊದಿಸಿದ್ದರು. ರಕ್ಷಣೆ ಆಗಲಿ ಅಂತ ಹೊದಿಸಿದ್ದು. ಆದರೆ ಒಳಗೆ ಉಕ್ಕು ಸವೆಯುತ್ತಿದ್ದದ್ದು ಹೊರಗಿನ ಕಣ್ಣಿಗೆ ಕಾಣದೇ ಹೋಯಿತು. ಅಲ್ಲಿ ಪ್ರತಿ ಗೋಪುರಕ್ಕೂ ಕೆಲವೇ ಹಗ್ಗಗಳಿದ್ದವು. ಒಂದು ಹೋದಾಗ ಹಿಡಿದುಕೊಳ್ಳಲು ಪಕ್ಕದಲ್ಲಿ ಇನ್ನೊಂದಿರಲಿಲ್ಲ. ಈಗ ಪ್ರತಿ ಎಳೆಗೂ ಸತುವಿನ ಲೇಪ, ಸುತ್ತ ಮೇಣ, ಅದರ ಮೇಲೆ ಪ್ಲಾಸ್ಟಿಕ್ ಕೊಳವೆ ಹಾಕುತ್ತಾರೆ. ಮಳೆಗಾಳಿಗೆ ಕೇಬಲ್ ವೀಣೆಯ ತಂತಿ ಹಾಗೆ ನಡುಗುವುದನ್ನು ತಡೆಯಲು ಬುಡದಲ್ಲಿ ಡ್ಯಾಂಪರ್ ಇರುತ್ತದೆ.

ಜನರ ಪಾಲೂ ಇದೆ. ಹೌರಾ ಸೇತುವೆಯ ಕಂಬಗಳ ಬುಡಕ್ಕೆ ಜನ ಎಲೆಅಡಿಕೆ ಉಗಿದು ಉಗಿದು, ಅಲ್ಲಿನ ಉಕ್ಕಿನ ಹೊದಿಕೆ ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ತೆಳುವಾಗಿತ್ತು. 2011ರಲ್ಲಿ ಅದು ಗೊತ್ತಾಯಿತು. ಆಮೇಲೆ ಫೈಬರ್ ಗ್ಲಾಸ್ ಹೊದಿಸಬೇಕಾಯಿತು. ಯುದ್ಧಕಾಲದಲ್ಲಿ ಎದ್ದು ನಿಂತ ಉಕ್ಕು ಎಂಜಲಿಗೆ ಸೋಲುತ್ತಿತ್ತು ಅಂದರೆ ಎಷ್ಟು ಸಂಕಟ ಆಗುತ್ತದೆ!

ನೀವು ಧೈರ್ಯವಾಗಿ ಹೋಗಿಬನ್ನಿ. ಸೇತುವೆ ಮೇಲೆ ಟ್ಯಾಕ್ಸಿಯಲ್ಲಿ ಒಂದು ಸಲ ದಾಟಿ. ಆಮೇಲೆ ಪ್ರಿನ್ಸೆಪ್ ಘಾಟ್‌ಗೆ ಬಂದು ಕೆಳಗಿನಿಂದ ನೋಡಿ. ಮೇಲಿನಿಂದ ಅದು ಬರೀ ಆರು ಸಾಲಿನ ರಸ್ತೆ, ಕೆಳಗಿನಿಂದ ನೋಡಿದರೇ ಸೇತುವೆ.

ಪ್ರಶ್ನೆ: ನನ್ನ ತವರು ಸಾಗರದ ಕಡೆ. ಸಿಗಂದೂರಿಗೆ ಈಗ ಸೇತುವೆ ಆಗಿದೆಯಲ್ಲ, ಅದೂ ಇದೇ ಥರದ್ದಾ?
– ಬ್ಯಾಂಕ್ ಉದ್ಯೋಗಿ, ಮಂಡ್ಯ

ಉತ್ತರ: ಹತ್ತಿರದ ನೆಂಟ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಆ ಸೇತುವೆ ಸುಮಾರು 2.4 ಕಿಲೋಮೀಟರ್ ಉದ್ದ. 2025ರ ಜುಲೈ 14ರಂದು ತೆರೆಯಿತು. ಅದರ ಗೋಪುರಗಳು ಗಿಡ್ಡ, ಹಗ್ಗಗಳು ಬಹಳ ಓರೆ. ಭಾರವನ್ನು ಅರ್ಧ ಹಗ್ಗ, ಅರ್ಧ ಗಟ್ಟಿ ತೊಲೆ ಹಂಚಿಕೊಂಡ ಹಾಗೆ. ಅದಕ್ಕೆ ಎಕ್ಸ್‌ಟ್ರಾಡೋಸ್ಡ್ ಅನ್ನುತ್ತಾರೆ. ಲಿಂಗನಮಕ್ಕಿಯ ಹಿನ್ನೀರು ಆಳ, ಹಾಗಾಗಿ ಆಳದ ಕಡೆ ಕಂಬಗಳನ್ನು ದೂರ ದೂರ ಇಡಲೇಬೇಕಿತ್ತು. ಅಣೆಕಟ್ಟು ಕಟ್ಟಿದ ಮೇಲೆ ಅರವತ್ತು ವರ್ಷ ಆ ಜನ ಲಾಂಚ್ ಕಾಯುತ್ತಾ ಬದುಕಿದರು. ರಾತ್ರಿ ಹೆರಿಗೆ ನೋವು ಬಂದರೆ ಏನು ಗತಿ ಎಂಬುದು ನಿಮ್ಮ ತವರಿನವರಿಗೆ ಗೊತ್ತು. ಶ್ರೀರಂಗಪಟ್ಟಣಕ್ಕೆ ಬೇಡ ಅಂದ ನಾನೇ ಇದಕ್ಕೆ ಕೈಮುಗಿಯುತ್ತೇನೆ.

ಪ್ರಶ್ನೆ: ದೊಡ್ಡ ಸೇತುವೆಗಳ ಮಾತು ಇರಲಿ. ನಮ್ಮೂರ ಹಳ್ಳದ ಸೇತುವೆಯಲ್ಲಿ ಅರಳಿಗಿಡ ಬೆಳೆದಿದೆ. ಮಳೆ ನೀರು ಮೇಲೆಯೇ ನಿಲ್ಲುತ್ತದೆ. ಅಪಾಯವೇ?
– ರೈತರು, ಮದ್ದೂರು ತಾಲ್ಲೂಕು

ಉತ್ತರ: ಅಪಾಯವೇ. ಈ ತಿಂಗಳ ಅತಿ ಮುಖ್ಯ ಪ್ರಶ್ನೆ ನಿಮ್ಮದು.

ತೊಂಬತ್ತರ ದಶಕದಲ್ಲಿ ಎರಡನೇ ವರ್ಷದ ಮಕ್ಕಳನ್ನು ಒಂದು ನಾಲೆ ಸೇತುವೆಗೆ ಕರೆದುಕೊಂಡು ಹೋಗಿದ್ದೆ. ಮೇಲೆ ಪಾದ ಮುಳುಗುವಷ್ಟು ನೀರು, ಪಾಚಿ. ನೀರು ಹೋಗುವ ಕೊಳವೆಗಳಲ್ಲಿ ಮಣ್ಣು, ಕಬ್ಬಿನ ಸೋಗೆ ತುಂಬಿತ್ತು. ಒಬ್ಬ ಹುಡುಗ ಕಬ್ಬಿಣದ ಸರಳು ತಂದು ಚುಚ್ಚಿದ. ಧೋ ಅಂತ ನೀರು ಇಳಿಯಿತು, ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಕೆಳಗೆ ಇಳಿದು ನೋಡಿದರೆ ಸ್ಲ್ಯಾಬಿನ ತಳದಲ್ಲಿ ಕಂಬಿಗಳು ಕಾಣುತ್ತಿದ್ದವು, ತುಕ್ಕು ಪದರ ಪದರವಾಗಿ ಏಳುತ್ತಿತ್ತು. ಸಂಬಂಧಪಟ್ಟ ಕಚೇರಿಗೆ ಮೂರು ಸಲ ಬರೆದೆ. ಉತ್ತರ ಬರಲಿಲ್ಲ. ಎರಡು ವರ್ಷದ ಮೇಲೆ ಅಲ್ಲಿಯೇ ಒಂದು ಎತ್ತಿನಗಾಡಿಯ ಚಕ್ರ ಸ್ಲ್ಯಾಬಿನೊಳಕ್ಕೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅಷ್ಟು ಪುಣ್ಯ. ನಾನು ನಾಲ್ಕನೇ ಸಲ ಬರೆಯಬೇಕಿತ್ತು, ಕಚೇರಿಗೇ ಹೋಗಿ ಕೂರಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ನೀವು ಹೀಗೆ ಮಾಡಿ. ಅರಳಿಗಿಡವನ್ನು ಸುಮ್ನೆ ಕೈಯಿಂದ ಕೀಳಬೇಡಿ. ಮೇಲಿನದು ಕಿತ್ತು ಬರುತ್ತದೆ, ಬೇರು ಸಂದಿಯೊಳಗೇ ಉಳಿದು ಮತ್ತೆ ಚಿಗುರುತ್ತದೆ. ಬೇರು ಸಾಯಿಸಿ, ಸಂದಿಗೆ ಗಾರೆ ತುಂಬುವುದು ಗೊತ್ತಿದ್ದವರ ಕೆಲಸ. ನೀರಿನ ಕೊಳವೆ ಬಿಡಿಸುವುದು ಮಾತ್ರ ನಿಮ್ಮೂರ ಹುಡುಗರ ಕೈಯಲ್ಲೇ ಆಗುತ್ತದೆ, ಇವತ್ತೇ ಮಾಡಿಸಿ. ಹಳ್ಳದಲ್ಲಿ ನೀರಿಲ್ಲದಾಗ ಕೆಳಗೆ ಹೋಗಿ ನೋಡಿ. ಕಂದು ಬಣ್ಣದ ಕಲೆ, ಉದ್ದದ ಬಿರುಕು, ಉದುರಿದ ಕಾಂಕ್ರೀಟು, ಕಂಬದ ಬುಡದಲ್ಲಿ ಮಣ್ಣು ಕೊಚ್ಚಿ ಹೋಗಿ ಗುಂಡಿ ಬಿದ್ದಿದ್ದರೆ ಅದು, ಎಲ್ಲದರ ಫೋಟೊ ತೆಗೆಯಿರಿ. ಅಳತೆ ಗೊತ್ತಾಗಲು ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಡಿ. ಕೊನೆಯದು, ಆ ಗುಂಡಿ, ಬಹಳ ಮುಖ್ಯ. ಎಷ್ಟೋ ಸಣ್ಣ ಸೇತುವೆ ಬೀಳುವುದು ಬುಡದ ಮಣ್ಣು ಹೋಗಿ.

ಫೋಟೊಗಳ ಜೊತೆ ಅರ್ಜಿ ಬರೆದು ಪಂಚಾಯಿತಿಗೆ ಒಂದು, ರಸ್ತೆ ಯಾರದೋ ಆ ಎಂಜಿನಿಯರ್ ಕಚೇರಿಗೆ ಒಂದು ಕೊಡಿ. ನಿಮ್ಮ ಪ್ರತಿಗೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳದೇ ಎದ್ದು ಬರಬೇಡಿ. ಅಲ್ಲಿಯವರೆಗೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ಸಾಲಾಗಿ ದಾಟದೇ, ಒಂದು ದಾಟಿದ ಮೇಲೆ ಇನ್ನೊಂದು ಹೋಗಲಿ. ಫೋಟೊಗಳ ಒಂದು ಪ್ರತಿಯನ್ನು ನನಗೂ ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮುಂಗಾರು ಶುರುವಾಗುವ ಮೊದಲು ನಾನೇ ಒಂದು ಸಲ ಬಂದು ನೋಡುತ್ತೇನೆ.